ಕಸ, ಬಕೆಟ್ಟು ಮತ್ತು ಒಂದು ‘ಹ’

ಆ ಬಕೆಟ್ಟಿನ ಬಣ್ಣ ನೀಲಿ ಎಂದು ನನ್ನ ನೆನಪು. ನನ್ನ ಗಂಡ ನಾಗರಾಜ್ ಬಿಳಿ ಎನ್ನುತ್ತಾರೆ. ನನ್ನ ಅತ್ತೆ, ‘ಅಸ್ರು ಕಣವ್ವ, ನಮ್ಮನೆ ಆಲಿನ್ ಬಕೀಟಿನಂಗೇ ಇತ್ತು’ ಎನ್ನುತ್ತಾರೆ. ಮೂವರಲ್ಲಿ ಅದನ್ನು ಕಣ್ಣಾರೆ ನೋಡಿದವರು ಇಬ್ಬರೇ. ನಾನು ಆಗ ಆಪರೇಷನ್ ಥಿಯೇಟರಿನ ಪಕ್ಕದ ಕೋಣೆಯಲ್ಲಿ, ಸೊಂಟದಿಂದ ಕೆಳಗೆ ಏನೂ ಗೊತ್ತಾಗದೆ ಮಲಗಿದ್ದೆ. ನೋಡದ ವಸ್ತುವಿನ ಬಣ್ಣ ನೆನಪಿರುವುದು ಹೇಗೆ? ಗೊತ್ತಿಲ್ಲ. ಆದರೆ ಕಣ್ಣು ಮುಚ್ಚಿದರೆ ಈಗಲೂ ನೀಲಿಯೇ ಕಾಣುತ್ತದೆ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಬ್ಬ ಸಾಕ್ಷಿಯ ಮಾತನ್ನು ಪೂರ್ತಿ ನಂಬಬೇಡಿ ಎಂದು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿಗೆ ಸೇರಿದ ದಿನಗಳಿಂದಲೂ ಇದೆ, ಆದರೆ ಆ ವಾರ ನಾನು ಒಂದಕ್ಷರವನ್ನೂ ಬರೆಯಲಿಲ್ಲ. ಹಾಗಾಗಿ ಇಲ್ಲಿ ಬರುವುದೆಲ್ಲ ಆಮೇಲೆ ಕಲೆಹಾಕಿಕೊಂಡದ್ದು. ಕೆಲವು ನನ್ನದು, ಕೆಲವು ಅತ್ತೆಯದು, ಕೆಲವು ನಾಗರಾಜ್ ಹೇಳಿದ್ದು. ಯಾವುದು ಯಾರದು ಎನ್ನುವುದು ನನಗೇ ಕಲಸಿಹೋಗಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಬರೆಯಲು ಕೂತದ್ದಕ್ಕೆ ಕಾರಣ ಒಬ್ಬ ಹುಡುಗಿ. ಹೋದ ತಿಂಗಳು ಮಗಳನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದಾಗ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದಳು. ಹಸಿ ಬಾಣಂತಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು. ನನ್ನ ಮಗಳ ಕಾಲಿನ ಪಟ್ಟಿಯನ್ನು ನೋಡಿ, ‘ಅಕ್ಕಾ, ನಿಮ್ಮ ಮಗೂನೂ ಅಳಲಿಲ್ವಾ?’ ಎಂದಳು. ಅವಳಿಗೆ ಅಲ್ಲಿ ಸರಿಯಾಗಿ ಏನೂ ಹೇಳಲಾಗಲಿಲ್ಲ. ಹೆಸರು ಕರೆದರು, ಎದ್ದು ಹೋದೆ. ಹೇಳಬೇಕಾಗಿದ್ದದ್ದು ಇದು.

ಬಸುರಿನ ಕೊನೆಯ ಎರಡು ತಿಂಗಳು ನಾನು ಬೆಳಕವಾಡಿಯಲ್ಲಿದ್ದೆ, ಅತ್ತೆಯ ಮನೆಯಲ್ಲಿ. ಚೊಚ್ಚಲ ಬಾಣಂತನ ತವರಿನದ್ದು. ನನ್ನ ತವರು ನಿಡಘಟ್ಟ. ಆದರೆ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು, ಮನೆಯಲ್ಲಿ ಅಪ್ಪ ಮತ್ತು ಮದುವೆಯಾಗದ ಅಣ್ಣ. ಅತ್ತೆ ತಾವೇ ಬಸ್ಸು ಹತ್ತಿ ನಿಡಘಟ್ಟಕ್ಕೆ ಹೋಗಿ, ಜಗಲಿಯ ಮೇಲೆ ಕೂತು, ಅಪ್ಪನಿಗೆ ಹೇಳಿದರಂತೆ: ‘ಬೀಗ್ರೆ, ತವರಿನ ಅಕ್ಕು ಅಂತ ನೀವು ಕೇಳೋದು ಸರಿ. ಆದ್ರೆ ಬಾಣ್ತಿಗೆ ಎಣ್ಣೆ ತಿಕ್ಕಿ ನೀರಾಕಕ್ಕೆ ನಿಮಗೆ ಬತ್ತದಾ? ನಿಮ್ಮ ಮಗಂಗೆ ಬತ್ತದಾ?’ ಅಪ್ಪ ಒಂದು ಸೀರೆ, ಒಂದು ಡಬ್ಬ ತುಪ್ಪ ಕೊಟ್ಟು ಕಳಿಸಿದರು.

ನಾನೂ ನಾಗರಾಜೂ ಇರುವುದು ಮಂಡ್ಯದಲ್ಲಿ, ಬಾಡಿಗೆ ಮನೆ. ಅವರು ಮದ್ದೂರಿನ ಶಾಲೆಯೊಂದರಲ್ಲಿ ಮೇಷ್ಟ್ರು. ಭಾನುವಾರ ಬೆಳಕವಾಡಿಗೆ ಬಂದು ಹೋಗುತ್ತಿದ್ದರು.

ಮಾವ ಇಲ್ಲದ ಆ ಮನೆಯಲ್ಲಿ ನಾನೂ ಅತ್ತೆಯೂ ಇಬ್ಬರೇ ಇದ್ದ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಅತ್ತೆಯ ಬಾಯಲ್ಲಿ ‘ಹ’ ಇಲ್ಲ. ಹಾಲು ಆಲು, ಹಪ್ಪಳ ಅಪ್ಳ, ಹೊಟ್ಟೆ ಒಟ್ಟೆ. ಒಂದು ದಿನ ಪಕ್ಕದ ಮನೆಯವರ ಮುಂದೆ, ‘ನಮ್ ಸವಿತಂಗೆ ಒಟ್ಟೆ ಎಂಗವ್ವ ಬಂದದೆ ನೋಡು’ ಎಂದು ಹೆಮ್ಮೆಯಿಂದ ಹೇಳಿ, ನಾನು ನಕ್ಕಾಗ, ‘ಯಾಕ್ ನಗ್ತೀಯಾ? ನಿನ್ನ ಓದಿಸಿರೋರು ಕೊಟ್ಟಿರೋ ಅಕ್ಸರಾನ ನೀನೇ ಇಟ್ಕೊ’ ಎಂದಿದ್ದರು.

ಒಂಬತ್ತು ತುಂಬಿತ್ತು. ಅವತ್ತು ಅಮಾವಾಸ್ಯೆ. ಬೆಳಗಿನಿಂದ ಮಗು ದಿನದಂತೆ ಒದೆಯುತ್ತಿರಲಿಲ್ಲ. ಒದೆಯಲೇ ಇಲ್ಲ ಎಂದಲ್ಲ. ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಒಮ್ಮೊಮ್ಮೆ ಜರುಗುತ್ತಿತ್ತು. ಹಿತ್ತಲ ಬಾಗಿಲಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತು, ‘ಅತ್ತೆ, ಮಗು ಯಾಕೋ ಸುಮ್ಮನಾಗಿದೆ’ ಎಂದೆ. ಅವರು ಮೊರ ಕೆಳಗಿಟ್ಟು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟರು. ಕೈಗೆ ಅವರೆಯ ಸೊಗಡು ಹತ್ತಿತ್ತು. ಮಳವಳ್ಳಿಗೆ ಹೋಗಿ ತೋರಿಸುವ ಮಾತು ಬಂತು. ಆಮೇಲೆ ಈ ಮಾತು: ‘ಇವತ್ತು ಅಮಾವಾಸ್ಯೆ. ನಾಳೆ ಹೋಗೋಣ.’

ಬಕೆಟ್ಟಿನ ಬಣ್ಣದ ಬಗ್ಗೆ ನನಗೆ ಅನುಮಾನವಿದೆ, ಈ ಮಾತಿನ ಬಗ್ಗೆ ಇರಲಿಲ್ಲ. ಅತ್ತೆ ಹೇಳಿದ್ದು, ಅಷ್ಟೆ. ಮರುದಿನ ಹೋದೆವು.

ಮಳವಳ್ಳಿಯಲ್ಲಿ ಹೊಟ್ಟೆಗೆ ಬೆಲ್ಟು ಕಟ್ಟಿ ಎದೆಬಡಿತ ನೋಡಿದ ಡಾಕ್ಟರು ಕಾಗದದ ಪಟ್ಟಿ ಹರಿದುಕೊಂಡು ಹೊರಗೆ ಹೋದರು. ಅವರು ನಡೆದು ಹೋಗಲಿಲ್ಲ, ಓಡಿದರು. ನನಗೆ ಭಯ ಹುಟ್ಟಿದ್ದು ಆಗ. ಆಂಬುಲೆನ್ಸಿನಲ್ಲಿ ಮಂಡ್ಯದವರೆಗೂ ಅತ್ತೆ ನನ್ನ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಮಾತಾಡಿದ್ದೆಲ್ಲ ಹೊಟ್ಟೆಯೊಳಗಿದ್ದವರ ಜೊತೆ: ‘ಲೇ ಮಗ, ಏಳ್ಲಾ. ಬೆಳಗಾಗಿ ಎಷ್ಟೊತ್ತಾಯ್ತು. ಇನ್ನೂ ಮನಗವ್ನೆ ಸೋಂಬೇರಿ.’

ಮಂಡ್ಯದ ಆಸ್ಪತ್ರೆಯಲ್ಲಿ ನನ್ನನ್ನು ತಳ್ಳುಗಾಡಿಯ ಮೇಲೆ ಒಳಗೆ ಕರೆದೊಯ್ಯುವಾಗ ಡಾಕ್ಟರಮ್ಮ ಜೊತೆಯಲ್ಲೇ ನಡೆಯುತ್ತಾ ಕೇಳಿದರು, ‘ಮಗು ಓಡಾಟ ಯಾವಾಗಿನಿಂದ ಕಡಿಮೆ?’

‘ನಿನ್ನೆಯಿಂದ’ ಎಂದೆ.

‘ನಿನ್ನೆಯೇ ಯಾಕಮ್ಮ ಬರಲಿಲ್ಲ?’

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆಯ ದನಿ ಬಂತು: ‘ನಾನೇ ಬ್ಯಾಡ ಅಂದೆ ಡಾಕ್ಟ್ರೆ. ಅಮಾಸೆ ಇತ್ತು.’

ಬಾಗಿಲು ಮುಚ್ಚಿತು.

ಹೊಟ್ಟೆ ಕೊಯ್ದು ಮಗುವನ್ನು ತೆಗೆದದ್ದು ನನಗೆ ಎಳೆದಾಟದಂತೆ ಗೊತ್ತಾಯಿತು. ‘ಹೆಣ್ಣು’ ಎಂದರು ಯಾರೋ. ಆಮೇಲೆ ಎಲ್ಲರೂ ಮೂಲೆಯ ಮೇಜಿನ ಕಡೆ ಹೋದರು. ಅಳು ಕೇಳಲಿಲ್ಲ. ನಾನು ಮೇಲಿನ ದೀಪವನ್ನೇ ನೋಡುತ್ತ, ಈಗ ಅಳುತ್ತದೆ, ಈಗ ಅಳುತ್ತದೆ ಎಂದುಕೊಳ್ಳುತ್ತಿದ್ದೆ. ಕೊನೆಗೆ ಬೆಕ್ಕಿನ ಮರಿಯ ಹಾಗೆ ಒಂದು ಸದ್ದು ಕೇಳಿದೆ ಎಂದು ನನ್ನ ನೆನಪು. ಡಾಕ್ಟರಮ್ಮನನ್ನು ಆಮೇಲೆ ಕೇಳಿದಾಗ, ಇಲ್ಲ, ಅಲ್ಲಿ ಅಳಲಿಲ್ಲ, ಬಾಯಿಗೆ ನಳಿಕೆ ಹಾಕಿಯೇ ಕರೆದುಕೊಂಡು ಹೋದದ್ದು ಎಂದರು. ಹಾಗಾದರೆ ನಾನು ಕೇಳಿದ್ದು ಏನು?

ಇನ್ನು ಬಕೆಟ್ಟಿನ ಕಥೆ.

ಮಗುವಿನ ಹಿಂದೆ ಬರುವುದಕ್ಕೆ ಪುಸ್ತಕದ ಕನ್ನಡದಲ್ಲಿ ಜರಾಯು ಎನ್ನುತ್ತಾರೆ, ಆಸ್ಪತ್ರೆಯಲ್ಲಿ ಪ್ಲಾಸೆಂಟಾ. ನಮ್ಮ ಮಳವಳ್ಳಿ ಸೀಮೆಯಲ್ಲಿ ಕಸ. ಮನುಷ್ಯರದ್ದೂ ಕಸವೇ, ಹಸುವಿನದ್ದೂ ಕಸವೇ. ಹೆಸರು ಹಾಗಿದ್ದರೂ ಅದನ್ನು ಕಸದಂತೆ ಯಾರೂ ಎಸೆಯುವುದಿಲ್ಲ. ಬಚ್ಚಲಿನ ಹಿಂದೆ, ನೀರು ಹರಿಯುವ ಕಡೆ ಗುಂಡಿ ತೋಡಿ, ಉಪ್ಪು, ಬೇವಿನ ಸೊಪ್ಪು ಹಾಕಿ ಹೂಳುತ್ತಾರೆ. ಬಾಣಂತಿಯ ನೀರು, ಮಗುವಿನ ನೀರು ಅದರ ಮೇಲೆ ಹರಿಯಬೇಕು. ನಾಗರಾಜರ ಕಸ ಬೆಳಕವಾಡಿಯ ಬಚ್ಚಲ ಹಿಂದೆಯೇ ಇದೆ. ಅತ್ತೆ ನನ್ನ ಹೆರಿಗೆಗೆಂದು ಕಟ್ಟಿಟ್ಟಿದ್ದ ಬಟ್ಟೆಗಂಟಿನಲ್ಲಿ ಮಗುವಿನ ಟೋಪಿಯ ಜೊತೆಗೆ ಒಂದು ಪೊಟ್ಟಣ ಕಲ್ಲುಪ್ಪೂ ಇತ್ತು. ಆ ಗಡಿಬಿಡಿಯಲ್ಲೂ ಅದನ್ನು ಮರೆಯದೆ ತಂದಿದ್ದರು.

ಆದರೆ ಡಾಕ್ಟರಮ್ಮ ಹೊರಗೆ ಬಂದು, ಇದನ್ನು ಲ್ಯಾಬಿಗೆ ಕಳಿಸಬೇಕು ಎಂದರು. ಮಗುವಿಗೆ ಉಸಿರಿನ ಕೊರತೆ ಆಗಿದೆ, ಅದು ಯಾವಾಗಿನಿಂದ ಆಗಿದೆ ಎನ್ನುವುದು ಇದನ್ನು ನೋಡಿದರೆ ಸ್ವಲ್ಪ ಗೊತ್ತಾಗಬಹುದು ಎಂದರು.

ಅತ್ತೆ ಕೇಳಿದರಂತೆ: ‘ಅಂಗಂದ್ರೆ, ನೆನ್ನೆ ಆಗಿದ್ದು ಅದ್ರಲ್ಲಿ ಕಾಣ್ತದಾ?’

‘ಕಾಣಬಹುದು ಅಮ್ಮ.’

ಇದನ್ನು ನನಗೆ ಹೇಳಿದ್ದು ನಾಗರಾಜ್. ಮದ್ದೂರಿನಿಂದ ಅಷ್ಟರಲ್ಲಿ ಬಂದು ತಲುಪಿದ್ದರು ಅವರು. ಲ್ಯಾಬು ಆಸ್ಪತ್ರೆಯ ಆಚೆ ಕಟ್ಟಡದಲ್ಲಿ. ಮುಚ್ಚಳದ ಪ್ಲಾಸ್ಟಿಕ್ ಬಕೆಟ್ಟು, ಮೇಲೆ ನನ್ನ ಹೆಸರಿನ ಚೀಟಿ. ನರ್ಸು ಅದನ್ನು ನಾಗರಾಜರ ಕೈಗೆ ಕೊಡಲು ಬಂದರೆ ಅತ್ತೆ ಮುಂದೆ ಬಂದು ತೆಗೆದುಕೊಂಡರು. ಸೊಂಟಕ್ಕೆ ಒತ್ತಿಕೊಂಡು, ಮೇಲೆ ಸೆರಗು ಮುಚ್ಚಿದರು. ಮಗುವನ್ನು ಎತ್ತಿಕೊಂಡ ಹಾಗೆಯೇ ಕಾಣುತ್ತಿತ್ತು ಎಂದು ನಾಗರಾಜ್ ಒಮ್ಮೆ ಮಾತ್ರ ಹೇಳಿದರು.

ಆಚೆ ಕಟ್ಟಡದ ಬಾಗಿಲಲ್ಲಿ ಸೆಕ್ಯುರಿಟಿಯವನು ತಡೆದ. ‘ಏನಮ್ಮ ಅದು ಸೆರಗಿನಡಿ?’

‘ಕಸ.’

ಅವನು ನಮ್ಮ ಸೀಮೆಯವನಲ್ಲವೋ, ಅಥವಾ ಬೇರೆ ಯೋಚನೆಯಲ್ಲಿದ್ದನೋ. ಗೇಟಿನ ಪಕ್ಕದ ಹಳದಿ ಡಬ್ಬ ತೋರಿಸಿ, ‘ಕಸ ಒಳಗೆ ಯಾಕೆ ತರ್ತೀಯ? ಅಲ್ಲಿ ಹಾಕು’ ಎಂದ.

ನನ್ನ ಅತ್ತೆ ಅಂಥ ಹೊತ್ತಿನಲ್ಲೂ ನನ್ನ ಅತ್ತೆಯೇ. ‘ನಿಮ್ಮವ್ವ ನಿನ್ನ ಕಸಾನ ಅಲ್ಲೇ ಆಕಿದ್ಲಾ? ಅದ್ಕೇ ನೀನು ಇಂಗಾಗಿದ್ದೀಯ ಬುಡು!’

ಜಗಳ ಬಿಡಿಸಿ, ಅರ್ಥ ಹೇಳಿ, ನಾಗರಾಜ್ ಅವರನ್ನು ಒಳಗೆ ಕರೆದುಕೊಂಡು ಹೋದರು. ಸೆಕ್ಯುರಿಟಿಯವನಿಗೆ ವಿಷಯ ಗೊತ್ತಾದ ಮೇಲೆ ಪಾಪ, ‘ತಪ್ಪಾಯ್ತು ಅಮ್ಮ’ ಎಂದು ಬಾಗಿಲು ಹಿಡಿದು ನಿಂತನಂತೆ. ಲ್ಯಾಬಿನ ಕಿಟಕಿಯಲ್ಲಿದ್ದವರು ‘ಇಲ್ಲಿ ಇಡಿ’ ಎಂದರೂ ಅತ್ತೆ ಬಕೆಟ್ಟು ಬಿಡಲಿಲ್ಲ. ‘ನೋಡಿದ ಮ್ಯಾಲೆ ವಾಪಸ್ ಕೊಡ್ತೀರಾ?’ ಎಂದರು. ಕೊಡುವುದಿಲ್ಲ, ಔಷಧಿಯಲ್ಲಿ ನೆನೆಸಿ ಕತ್ತರಿಸಿ ನೋಡುತ್ತೇವೆ, ಆಮೇಲೆ ಸುಡುತ್ತಾರೆ ಎಂದರು ಕಿಟಕಿಯವರು. ಅತ್ತೆ ಬಕೆಟ್ಟು ಇಟ್ಟರು. ಕೈಯಲ್ಲಿ ಉಳಿದ ಕಲ್ಲುಪ್ಪಿನ ಪೊಟ್ಟಣವನ್ನು ಏನು ಮಾಡಿದರು ಎಂದು ಯಾರಿಗೂ ಗೊತ್ತಿಲ್ಲ.

ಮಗುವನ್ನು ಗಾಜಿನ ಕೋಣೆಯಲ್ಲಿ, ತಣ್ಣಗಿನ ಹಾಸಿಗೆಯ ಮೇಲೆ ಇಟ್ಟಿದ್ದರು. ಉಸಿರು ಕಟ್ಟಿದ ಮಗುವಿನ ಮೈಯನ್ನು ಕೆಲವು ದಿನ ತಂಪಾಗಿ ಇಟ್ಟರೆ ಮೆದುಳಿಗೆ ಒಳ್ಳೆಯದು ಎಂದು ಹೇಳಿದರು. ನಮ್ಮ ಕಡೆ ಬಾಣಂತನ ಎಂದರೇ ಕಾವು: ಸುಡುನೀರು, ಸಾಂಬ್ರಾಣಿ, ಕೆಂಡ, ಕಂಬಳಿ. ಅತ್ತೆ ಗಾಜಿನಾಚೆ ನಿಂತು, ‘ಮಗೀನ ಯಾರಾದ್ರೂ ತಣ್ಣಗಿಕ್ತಾರಾ? ನೋಡು ನಾಗ, ಅದರ ಕೈ ಸೌತೆಕಾಯಿ ಆಗೋಗಿದ್ದಾತು’ ಎಂದು ಅಳುತ್ತಿದ್ದರು.

ನಾಗರಾಜ್ ಅವ್ವನ ಜೊತೆ ಮಾತು ಬಿಟ್ಟಿದ್ದರು.

ಏಕೆಂದರೆ ಅತ್ತೆ ಅಮಾವಾಸ್ಯೆಯ ಮಾತನ್ನು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದರು. ಕಾಯುವ ಕೋಣೆಯಲ್ಲಿ ಹತ್ತು ಹದಿನೈದು ಕುಟುಂಬಗಳು. ಅಲ್ಲಿ ಯಾರೂ ಅಪರಿಚಿತರಾಗಿ ಉಳಿಯುವುದಿಲ್ಲ. ಒಬ್ಬರ ಫ್ಲಾಸ್ಕಿನಿಂದ ಇನ್ನೊಬ್ಬರು ಬಿಸಿನೀರು ಬಗ್ಗಿಸಿಕೊಳ್ಳುತ್ತಾರೆ, ಒಬ್ಬರ ಮಗು ಹಾಲು ಕುಡಿದರೆ ಬೇರೆಯವರು ಸಕ್ಕರೆ ಹಂಚುತ್ತಾರೆ. ಯಾರು ಬಂದು ಏನಾಯ್ತು ಎಂದು ಕೇಳಿದರೂ ಅತ್ತೆಯದು ಒಂದೇ ಉತ್ತರ: ‘ನಂದೇ ತಪ್ಪು ಕಣವ್ವ. ಅಮಾಸೆ ಅಂತ ನಾನೇ ತಡುದೆ.’ ನೋಡಲು ಬಂದ ನಮ್ಮ ಅಪ್ಪನಿಗೂ ಅದನ್ನೇ ಹೇಳಿ ಕೈ ಮುಗಿದರು. ಅಪ್ಪ, ‘ಅಯ್ಯೋ ಬುಡಿ ಬೀಗತಿ’ ಎಂದು ಮುಖ ತಿರುಗಿಸಿದರು. ಅದು ಸಮಾಧಾನವೋ ಸಿಟ್ಟೋ ನನಗೆ ತಿಳಿಯಲಿಲ್ಲ.

ನಾನೂ ಏನೂ ಹೇಳಲಿಲ್ಲ. ಆ ಮಾತು ನನಗೂ ಅವರ ದನಿಯಲ್ಲೇ ಕೇಳುತ್ತಿತ್ತು. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲೂ ಇಲ್ಲ. ಹೊಲಿಗೆಯ ನೋವಿನಲ್ಲಿ ನಾನು ಬಚ್ಚಲಿಗೆ ಹೋಗಬೇಕೆಂದರೆ ಅವರ ಭುಜವೇ ಬೇಕಿತ್ತು. ನನ್ನ ಹಾಲನ್ನು ಪುಟ್ಟ ಲೋಟಕ್ಕೆ ಹಿಂಡಿ, ಅದನ್ನು ತುಳುಕದ ಹಾಗೆ ಹಿಡಿದು ಮಹಡಿ ಹತ್ತುತ್ತಿದ್ದವರು ಅವರು. ಒಮ್ಮೆ ಲೋಟದ ತಳದಲ್ಲಿ ನಾಲ್ಕು ಹನಿ ಮಾತ್ರ ಇತ್ತು. ನನಗೆ ಅಳು ಬಂತು. ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ‘ಇಷ್ಟ್ ಸಾಕು ಬುಡು. ಅದರ ಒಟ್ಟೆ ಎಷ್ಟಿದ್ದಾತು, ಕಡ್ಲೆಪುರಿಯಷ್ಟು’ ಎಂದರು.

ಚಿಕ್ಕ ಚಿಕ್ಕ ಕರುಣೆಗಳು ಬೇರೆಯವರಿಂದಲೂ ಬಂದವು. ಮಗುವನ್ನು ಬೆಚ್ಚಗೆ ಮಾಡಲು ಶುರು ಮಾಡಿದ ದಿನ ನರ್ಸು ಅತ್ತೆಯನ್ನು ಕೈ ತೊಳೆಸಿ ಒಳಗೆ ಕರೆದು ಪಾದ ಮುಟ್ಟಲು ಬಿಟ್ಟರು. ಅತ್ತೆ ಹೊರಗೆ ಬಂದು, ‘ಬೆಚ್ಚಗವ್ಳೆ!’ ಎಂದು ಕೂಗಿದ ದನಿಗೆ ಇಡೀ ಕೋಣೆ ಎದ್ದು ನಿಂತಿತು. ಅದೇ ನರ್ಸು ಇನ್ನೊಂದು ಕೆಲಸ ಮಾಡಿದರು. ಮಗುವಿನ ಹೊಕ್ಕುಳ ಬಳ್ಳಿಯ ಒಣಗಿದ ತುಂಡು ಉದುರಿದಾಗ ಎಸೆಯದೆ, ಹತ್ತಿಯಲ್ಲಿ ಸುತ್ತಿ, ‘ಅಜ್ಜೀ, ನೀವು ಕಸ ಕೇಳಿದ್ರಂತೆ. ಅದು ಸಿಗಲ್ಲ. ಇದನ್ನ ಇಟ್ಕೊಳ್ಳಿ’ ಎಂದು ಕೊಟ್ಟರು. ಅತ್ತೆ ಅದನ್ನು ಅಡಿಕೆ ಎಲೆಯ ಚೀಲದಲ್ಲಿಟ್ಟುಕೊಂಡರು. ಸೆಕ್ಯುರಿಟಿಯವನ ಜಗಳ ಆಸ್ಪತ್ರೆಯೆಲ್ಲ ಹಬ್ಬಿತ್ತು ಎಂದು ನಮಗೆ ಗೊತ್ತಾದದ್ದು ಆಗಲೇ.

ಮಗು ಮನೆಗೆ ಬಂದ ಮೇಲೂ ಲ್ಯಾಬಿನ ವರದಿ ಬಂದಿರಲಿಲ್ಲ. ಬಾಣಂತನವೆಲ್ಲ ಅದನ್ನು ಕಾಯುತ್ತಲೇ ನಡೆಯಿತು. ನಾನು ಕಾಯುತ್ತಿದ್ದದ್ದು ಮುಂದೇನು ಎಂದು ತಿಳಿಯಲು. ಅತ್ತೆ ಕಾಯುತ್ತಿದ್ದದ್ದು ಬೇರೆ. ಕೋರ್ಟಿನ ತೀರ್ಪು ಬರಬೇಕಾದವರಂತೆ ಅವರು ಕಾದರು. ನನ್ನ ಬೆನ್ನಿಗೆ ನೀರು ಹೊಯ್ಯುತ್ತಾ ಒಂದು ದಿನ ಕೇಳಿದರು: ‘ಸವಿತಾ, ಕಸ್ದಲ್ಲಿ ಅವತ್ತಿಂದು ಕಂಡ್ರೆ, ನಂಗೂ ಏಳ್ತೀರಾ? ಇಲ್ಲ ನೀವಿಬ್ರೇ ಇಟ್ಕತೀರಾ?’

ಬೆನ್ನು ಅವರ ಕಡೆ ಇದ್ದದ್ದು ಒಳ್ಳೆಯದಾಯಿತು. ‘ನಿಮ್ಮನ್ನೂ ಕರ್ಕೊಂಡು ಹೋಗ್ತೀವಿ ಅತ್ತೆ’ ಎಂದೆ.

ಕರೆದುಕೊಂಡು ಹೋದೆವು. ಮಗು ಅವರ ತೊಡೆಯ ಮೇಲೆ, ನಾನು ಪಕ್ಕದಲ್ಲಿ, ನಾಗರಾಜ್ ಗೋಡೆಗೆ ಒರಗಿ. ಡಾಕ್ಟರಮ್ಮ ವರದಿ ಓದಿ, ಕನ್ನಡಕ ತೆಗೆದು, ನಮಗೆ ಅರ್ಥವಾಗುವ ಹಾಗೆ ಹೇಳಿದರು. ಅವರ ಮಾತನ್ನು ನಾನು ಅಲ್ಲೇ ಮೊಬೈಲಿನಲ್ಲಿ ಬರೆದುಕೊಂಡೆ. ಇಷ್ಟಾದರೂ ನೆನಪಿನ ಕೈಗೆ ಬಿಡಬಾರದು ಎನಿಸಿತ್ತು.

‘ಮಗುವಿಗೆ ಗಾಳಿ, ಊಟ ಎರಡೂ ಹೋಗೋ ದಾರಿ ಇದು. ನಿಮ್ಮದು ಇರಬೇಕಾದ್ದಕ್ಕಿಂತ ಚಿಕ್ಕದಿತ್ತು. ಅಲ್ಲಲ್ಲಿ ಒಣಗಿ ಸತ್ತ ಜಾಗಗಳಿವೆ. ಅವು ಹಳೆಯವು. ಇದು ಒಂದು ದಿನದಲ್ಲಿ ಆಗಿದ್ದಲ್ಲ, ವಾರಗಳಿಂದ ಆಗ್ತಾ ಬಂದಿದೆ. ನಿಮ್ಮ ಕಣ್ಣಿಗೆ ಕಾಣೋ ಹಾಗಿರಲಿಲ್ಲ.’

ಅತ್ತೆ ಮಗುವಿನ ಟೋಪಿ ಸರಿ ಮಾಡುತ್ತಿದ್ದ ಕೈ ನಿಲ್ಲಿಸಿದರು. ‘ಇನ್ನೊಂದ್ ಸಲ ಏಳಿ ತಾಯಿ.’

‘ಒಂದು ದಿನದ್ದಲ್ಲಮ್ಮ. ವಾರಗಳದ್ದು.’

‘ಅಂದ್ರೆ ನಾಲೆ ಕೊನೇ ಗದ್ದೆಗೆ ನೀರು ಬಂದಂಗೆ. ಬತ್ತದೆ, ಆದ್ರೆ ಸಾಲಕಿಲ್ಲ.’

‘ಸರಿಯಾಗಿ ಹೇಳಿದ್ರಿ.’

ಕೇಳಬಾರದಾಗಿತ್ತೋ ಏನೋ, ನಾನು ಕೇಳಿಬಿಟ್ಟೆ. ‘ಒಂದು ದಿನ ಮೊದಲೇ ಬಂದಿದ್ದರೆ?’

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. ಅದಕ್ಕೆ ಅವರ ಬಗ್ಗೆ ನನಗೆ ಇವತ್ತಿಗೂ ಗೌರವ. ‘ಅದನ್ನ ಈ ಕಾಗದ ಹೇಳಲ್ಲ ಸವಿತಾ. ಸ್ವಲ್ಪ ವ್ಯತ್ಯಾಸ ಆಗ್ತಿತ್ತೋ ಏನೋ. ಆಗದೇನೂ ಇರಬಹುದು. ಓಡಾಟ ಕಡಿಮೆ ಅನ್ನಿಸಿದ ದಿನವೇ ಬರಬೇಕು, ಅದಂತೂ ನಿಜ. ಮುಂದಿನ ಸಲ ನಾವು ಮೊದಲಿಂದಲೇ ಹುಷಾರಾಗಿರ್ತೀವಿ.’

ಓದುವ ಬಸುರಿಯರಿಗೂ ನಾನು ಹೇಳುವುದು ಅಷ್ಟೇ: ಅವತ್ತೇ ಹೋಗಿ. ಯಾವ ದಿನವಾದರೂ ಸರಿ.

ಹೊರಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಗು ನಿದ್ದೆ ಮಾಡುತ್ತಿತ್ತು. ನಾಗರಾಜ್ ಸ್ವಲ್ಪ ಹೊತ್ತು ಅತ್ತ ಇತ್ತ ಓಡಾಡಿ, ಬಂದು ಅವರ ಮುಂದೆ ನಿಂತರು.

‘ಅವ್ವ, ಟೀ ಕುಡೀತೀಯಾ?’

ತಿಂಗಳುಗಳ ಮೇಲೆ ಮಗ ಆಡಿದ ಮೊದಲ ಮಾತು. ಅತ್ತೆ ತಲೆಯೆತ್ತದೆ, ‘ಆಲು ಜಾಸ್ತಿ ಆಕ್ಸು’ ಎಂದರು.

ಮಗಳಿಗೆ ಹಿತ ಎಂದು ಹೆಸರಿಟ್ಟೆವು. ನಾಗರಾಜ್ ಆರಿಸಿದ ಹೆಸರು. ಎರಡೇ ಅಕ್ಷರ, ಅವ್ವನಿಗೆ ಸುಲಭವಾಗುತ್ತದೆ ಎಂದರು. ಅವರ ಲೆಕ್ಕ ತಪ್ಪಿತು. ಅತ್ತೆಯ ಬಾಯಲ್ಲಿ ಅದು ಮೊದಲ ದಿನವೇ ಇತ ಆಯಿತು, ಮುದ್ದು ಬಂದಾಗ ಇತವ್ವ. ಹೊಕ್ಕುಳ ಬಳ್ಳಿಯ ತುಂಡನ್ನು ಅತ್ತೆ ಬೆಳಕವಾಡಿಯ ಬಚ್ಚಲ ಹಿಂದೆ, ಮಗನ ಕಸ ಇರುವ ಕಡೆಯೇ ಹೂತರು. ‘ಪೂರ್ತಿ ಸಿಗ್ನಿಲ್ಲ. ಸಿಕ್ಕಿದಷ್ಟು’ ಎಂದರು.

ಈಗ ಹಿತಳಿಗೆ ನಾಲ್ಕು ನಡೆಯುತ್ತಿದೆ. ಎಡಗಾಲು ಸ್ವಲ್ಪ ಬಿಗಿ. ಪಟ್ಟಿ ಹಾಕಿಕೊಂಡು ನಡೆಯುತ್ತಾಳೆ, ಪಟ್ಟಿ ಬಿಚ್ಚಿದರೆ ಬೀಳುತ್ತಾಳೆ, ಬಿದ್ದರೆ ಯಾರು ನೋಡಿದರು ಎಂದು ಮೊದಲು ಸುತ್ತ ನೋಡಿ ಆಮೇಲೆ ಅಳುತ್ತಾಳೆ. ಅಳು ಜೋರು. ಅವಳು ಅತ್ತಾಗ ನಮ್ಮ ಮನೆಯಲ್ಲಿ ಯಾರೂ ‘ಸುಮ್ನಿರು’ ಎನ್ನುವುದಿಲ್ಲ. ನಾನು ಕೆಲಸಕ್ಕೆ ಹೋಗುವುದರಿಂದ ಅತ್ತೆ ಮಂಡ್ಯಕ್ಕೇ ಬಂದಿದ್ದಾರೆ. ವ್ಯಾಯಾಮ ಮಾಡಿಸುವುದು ಅವರೇ. ಡಾಕ್ಟರು ಹೇಳಿಕೊಟ್ಟ ಕಾಲಿನ ವ್ಯಾಯಾಮಕ್ಕೆ ‘ರಾಗಿ ಬೀಸಾಟ’ ಎಂದು ಹೆಸರಿಟ್ಟು ಅಜ್ಜಿ ಮೊಮ್ಮಗಳಿಬ್ಬರೂ ಚಾಪೆಯ ಮೇಲೆ ಕಾಲು ತಿರುಗಿಸುತ್ತಾರೆ.

ಮಾತು ಬಂದದ್ದು ತಡವಾಗಿ. ಅದಕ್ಕೆಂದು ಮೈಸೂರಿನಲ್ಲಿ ಮಾತಿನ ತರಬೇತಿ ಕೊಡುವ ಒಬ್ಬರ ಬಳಿ ಹೋಗಿದ್ದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಕ್ಕಳೊಂದಿಗೆ ನೆಲದ ಮೇಲೇ ಕೂರುವವರು. ಚಿತ್ರದ ಕಾರ್ಡು ಒಂದೊಂದೇ ಎತ್ತಿ ತೋರಿಸಿದರು.

‘ಹಿತ ಪುಟ್ಟಿ, ಇದೇನು?’

‘ಅಸ.’

‘ಇದು?’

‘ಊವ.’

‘ಇದು?’

‘ಅಕ್ಕಿ. ಆರ್ತದೆ.’

ಅವರು ಕಾಗದದಲ್ಲಿ ಏನೋ ಗುರುತು ಹಾಕಿ ನನ್ನ ಕಡೆ ತಿರುಗಿದರು. ‘ಮೇಡಂ, ಉಳಿದ ಅಕ್ಷರ ಚೆನ್ನಾಗಿದೆ. “ಹ” ಬರ್ತಾನೇ ಇಲ್ಲ. “ಹ”ಕ್ಕೆ ಉಸಿರು ಹೊರಗೆ ತಳ್ಳಬೇಕು ನೋಡಿ. ಹುಟ್ಟಿದಾಗ ಉಸಿರಿನ ಕೊರತೆ ಆಗಿತ್ತು ಅಂತ ಬರ್ಕೊಂಡಿದೀನಿ. ಆ ಕಡೆಗೂ ಒಂದ್ಸಲ ನೋಡಬೇಕಾಗುತ್ತೆ.’

ಉಸಿರಿಲ್ಲದೆ ಹುಟ್ಟಿದವಳಿಗೆ ಉಸಿರಿನ ಅಕ್ಷರವೇ ಇಲ್ಲವೇ. ಇಷ್ಟು ವರ್ಷ ನಾನು ಕಾಲನ್ನೇ ನೋಡುತ್ತಾ ಇದನ್ನು ನೋಡದೆ ಹೋದೆನೇ.

ಮೂಲೆಯ ಕುರ್ಚಿಯಿಂದ ಅತ್ತೆ ಮುಂದಕ್ಕೆ ಬಾಗಿ ಕಾರ್ಡು ನೋಡಿದರು. ‘ಸರ್ಯಾಗೇ ಏಳ್ತಾವ್ಳಲ್ಲ? ಅಸ ಅಲ್ದೆ ಅದು ಎಮ್ಮೆನಾ?’

ಆ ಹೆಣ್ಣುಮಗಳು ಒಂದು ಕ್ಷಣ ಅತ್ತೆಯನ್ನೇ ನೋಡಿದರು. ಆಮೇಲೆ ಬೇರೆ ಕಾರ್ಡು ಎತ್ತಿ, ‘ಅಜ್ಜಿ, ನೀವು ಹೇಳಿ. ಇದೇನು?’

‘ಅಲಸಿನಣ್ಣು.’

‘ಇದು?’

‘ಉಲಿ. ಅಬ್ಬಾ, ಏನ್ ಅಲ್ಲು ಅದರವು!’

‘ಮಗು ಜೊತೆ ಮನೇಲಿ ಜಾಸ್ತಿ ಹೊತ್ತು ಯಾರಿರ್ತಾರೆ?’

‘ನಾನೇಯ. ಇನ್ಯಾರಿದ್ದಾರು?’

ಅವರು ಕಾರ್ಡುಗಳಿಂದ ಮುಖ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ. ಯಾಕೆ ಎಂದು ತಿಳಿಯದೆ ಹಿತಳೂ ನಕ್ಕಳು. ಅತ್ತೆಗೆ ಮಾತ್ರ ಬೇಜಾರಾಯಿತು. ‘ನಂಗೂ ಬರಕಿಲ್ಲ ಆ ಅಕ್ಸರ. ಅರವತ್ತು ವರ್ಸ ಆಯ್ತು, ನಂಗೇನಾಗದೆ? ಉಸ್ರು ಆಡ್ತಾ ಇಲ್ವಾ?’

ರೈಲಿನಲ್ಲಿ ಮಂಡ್ಯಕ್ಕೆ ವಾಪಸ್ಸು ಬರುವಾಗ ಹಿತ ಅಜ್ಜಿಯ ತೊಡೆಯ ಮೇಲೆ ಮಲಗಿದ್ದಳು. ಅತ್ತೆಯೂ ತೂಕಡಿಸುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ, ನಾಗರಾಜರಿಗೆ ಇದನ್ನೆಲ್ಲ ಹೇಗೆ ಹೇಳಿ ನಗಿಸಬೇಕು ಎಂದು ಮನಸ್ಸಿನಲ್ಲೇ ಅತ್ತೆಯ ಮಾತುಗಳನ್ನು ಒಂದೊಂದಾಗಿ ಆಡಿ ನೋಡುತ್ತಿದ್ದೆ. ಅಸ, ಊವ, ಅಲಸಿನಣ್ಣು. ಅವರು ಆಡಿದ ಎಲ್ಲ ಮಾತೂ ಹಾಗೆಯೇ ಬರುತ್ತಿತ್ತು. ಬಂದು ಬಂದು ಆ ಹಳೆಯ ಮಾತಿಗೆ ನಿಂತಿತು.

ಇವತ್ತು ಅಮಾವಾಸ್ಯೆ. ನಾಳೆ ಹೋಗೋಣ.

ಅದರಲ್ಲಿ ‘ಹ’ ಇತ್ತು.

ಅತ್ತೆ ‘ಹೋಗೋಣ’ ಎನ್ನುವುದಿಲ್ಲ. ‘ಓಗವ’ ಎನ್ನುತ್ತಾರೆ. ಅಮಾವಾಸ್ಯೆ ಅವರ ಬಾಯಲ್ಲಿ ಅಮಾಸೆ. ಇಷ್ಟು ವರ್ಷ ಅವರ ದನಿಯಲ್ಲಿ ನನಗೆ ಕೇಳಿಸುತ್ತಿದ್ದ ಮಾತು ಅವರ ನಾಲಿಗೆಯ ಮೇಲೆ ಕೂರುವುದೇ ಇಲ್ಲ. ಅವತ್ತು ಹಿತ್ತಲ ಬಾಗಿಲಲ್ಲಿ ಇದ್ದವರು ಇಬ್ಬರೇ. ‘ಹೋಗೋಣ’ ಎನ್ನುವವಳು ಅಲ್ಲಿ ಒಬ್ಬಳೇ ಇದ್ದದ್ದು.

ಇದನ್ನು ಪೂರ್ತಿ ನಂಬಲು ನನಗೆ ಧೈರ್ಯವಿಲ್ಲ, ಬಿಡಲೂ ಆಗುತ್ತಿಲ್ಲ. ನೆನಪು ಅವರ ಮಾತನ್ನು ನನ್ನ ಕನ್ನಡಕ್ಕೆ ತಿರುಗಿಸಿಕೊಂಡಿರಬಹುದು. ನೋಡದ ಬಕೆಟ್ಟಿಗೆ ಬಣ್ಣ ಬಳಿದ ನೆನಪು ಅದು, ಕೇಳಿದ ಮಾತಿನ ಉಚ್ಚಾರ ತಿದ್ದುವುದೇನು ಮಹಾ. ಆದರೆ ಬೇರೆಯದೂ ನೆನಪಾಗುತ್ತದೆ. ಅವತ್ತು ನನಗೆ ಬಹಳ ದಣಿವಾಗಿತ್ತು. ಮಳವಳ್ಳಿ ರಸ್ತೆಯ ಕುಲುಕಾಟ ನೆನೆದೇ ಸಾಕೆನಿಸಿತ್ತು. ಅಮಾವಾಸ್ಯೆ ಎಂದರೆ ಮರುದಿನಕ್ಕೆ ಮುಂದೂಡಲು ಅತ್ತೆ ಒಪ್ಪುತ್ತಾರೆ ಎಂದು ನಾನೇ ಆ ಮಾತು ತೆಗೆದೆನೇ? ಡಾಕ್ಟರಮ್ಮ ‘ನಿನ್ನೆಯೇ ಯಾಕಮ್ಮ ಬರಲಿಲ್ಲ’ ಎಂದು ಕೇಳಿದ್ದು ನನ್ನನ್ನು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂದಿತ್ತು. ಅಷ್ಟು ಬೇಗ ಹೇಗೆ ಬಂತು? ಮುಂದೆ ಕಾಯುವ ಕೋಣೆಯಲ್ಲಿ, ನನ್ನ ಅಪ್ಪನೆದುರು, ಮಾತು ಬಿಟ್ಟ ಮಗನೆದುರು, ಅದೇ ಉತ್ತರವನ್ನು ಅವರು ಮತ್ತೆ ಮತ್ತೆ ಹೇಳಿದ್ದು ಯಾರೂ ನನ್ನನ್ನು ಕೇಳದಿರಲಿ ಎಂದೇ? ಕಸದಲ್ಲಿ ಅವತ್ತಿನದು ಕಂಡರೆ ಎಂದು ಅಷ್ಟು ಹೆದರಿದ್ದು ತಮಗಾಗಿಯೋ, ನನಗಾಗಿಯೋ?

ಹೋದ ಹಬ್ಬದ ರಜೆಗೆ ಬೆಳಕವಾಡಿಗೆ ಹೋಗಿದ್ದೆವು. ಬೆಳಿಗ್ಗೆ ಅತ್ತೆ ಹಿತಳನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿಕೊಂಡು ನೀರು ಹಾಕುತ್ತಿದ್ದರು. ಒಲೆಯ ಹೊಗೆ, ಸೀಗೆಕಾಯಿ ವಾಸನೆ, ಎಡಗಾಲನ್ನು ನೀವುತ್ತಾ ನೀವುತ್ತಾ ಒಂದೊಂದೇ ಚೊಂಬು. ನೀರು ಗೋಡೆಯ ತೂತಿನಿಂದ ಹಿಂದಕ್ಕೆ, ಹೂತಿಟ್ಟದ್ದರ ಮೇಲೆ ಹರಿದು ಹೋಗುತ್ತಿತ್ತು. ಹಿತ ‘ಸಾಕು ಅಜ್ಜಿ, ಓಗವ’ ಎಂದು ಏಳುತ್ತಿದ್ದಳು. ನಾನು ಟವೆಲ್ಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರ ಬೆನ್ನು ನನ್ನ ಕಡೆ ಇತ್ತು. ಕೇಳಿದೆ.

ಚೊಂಬು ಹಂಡೆಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಮುಳುಗಿತು. ‘ಮಗೀಗೆ ಚಳಿ ಆಯ್ತದೆ, ಆ ಟವಲ್ ಕೊಡು ಇತ್ಲಾಗೆ’ ಎಂದರು. ಕೊಟ್ಟೆ. ಹಿತಳ ತಲೆ ಒರೆಸಿದರು, ಕಿವಿ ಒರೆಸಿದರು, ಮತ್ತೆ ತಲೆಯನ್ನೇ ಒರೆಸಿದರು. ವಾರಗಳಾದವು, ಇನ್ನೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

‘ಅತ್ತೆ, ಅವತ್ತು ನಾಳೆ ಹೋಗೋಣ ಅಂದಿದ್ದು ನೀವಾ, ನಾನಾ?’